ಧನ್ಯವಾದ ಪತ್ರ ಎರಡನೆಯ ಅರ್ಜಿಯಲ್ಲ

ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ಅಮೆರಿಕದ ಅನೇಕ ಕನ್ನಡಿಗರ ಮನೆಗಳಲ್ಲಿ ಒಂದು ಬಗೆಯ ಕಾತರ ನೆಲೆಸಿರುತ್ತದೆ. ಮಗಳೋ ಮಗನೋ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿ ಸಂದರ್ಶನದ ಕರೆಗಾಗಿ ಕಾಯುವ ಕಾಲವದು. ಕರೆ ಬಂದು, ಸಂದರ್ಶನವೂ ಮುಗಿದು, ಕೋಟು ಕಳಚಿಟ್ಟ ಆ ಸಂಜೆಯೇ ಮುಂದಿನ ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ಸಂದರ್ಶಿಸಿದವರಿಗೆ ಧನ್ಯವಾದ ಹೇಳಿ ಪತ್ರ ಬರೆಯಬೇಕೆ, ಬೇಡವೆ? ಬರೆದರೆ ಸೀಟಿಗೆ ಅನುಕೂಲವಾದೀತೆ? ಬರೆಯದಿದ್ದರೆ ಸೌಜನ್ಯವಿಲ್ಲದವರೆಂದು ತಿಳಿದಾರೆ? ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಹಲವು ವರ್ಷಗಳಿಂದ ಸಂದರ್ಶಕರ ಪೈಕಿ ಒಬ್ಬನಾಗಿರುವ ನನಗೆ ಪ್ರತಿ ಚಳಿಗಾಲದಲ್ಲೂ ಸ್ನೇಹಿತರಿಂದ, ಬಂಧುಗಳಿಂದ ಈ ಪ್ರಶ್ನೆ ಬರುತ್ತದೆ. ಪ್ರಶ್ನೆ ಚಿಕ್ಕದು, ಅದರ ಹಿಂದಿರುವ ಆತಂಕ ಚಿಕ್ಕದಲ್ಲ.

ಕರ್ನಾಟಕದಲ್ಲಿರುವ ಓದುಗರಿಗೆ ಈ ಚಿಂತೆಯೇ ವಿಚಿತ್ರವಾಗಿ ಕಾಣಬಹುದು. ಅಲ್ಲಿ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಎಷ್ಟು ಬಂತು, ರ‍್ಯಾಂಕ್ ಎಷ್ಟು, ಮೀಸಲಾತಿ ಯಾವುದು ಎಂಬುದರ ಮೇಲೆ ಕೌನ್ಸೆಲಿಂಗ್‌ನಲ್ಲಿ ಸೀಟು ತೀರ್ಮಾನವಾಗುತ್ತದೆ. ಯಾರೂ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಮುಗಿಯಬೇಕು. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ 472ರಿಂದ 528ರವರೆಗಿನ ಅಳತೆಯಲ್ಲಿ ಒಳ್ಳೆಯ ಅಂಕ ಬರಬೇಕು. ಜೊತೆಗೆ ಸ್ವಂತ ಪ್ರಬಂಧಗಳು, ಅಧ್ಯಾಪಕರ ಶಿಫಾರಸು ಪತ್ರಗಳು, ಆಸ್ಪತ್ರೆಯಲ್ಲಿ ಸೇವೆ ಮಾಡಿದ ಅನುಭವ, ಸಂಶೋಧನೆ ಎಲ್ಲವೂ ಬೇಕು. ಎಂ.ಡಿ. ಪದವಿ ನೀಡುವ ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. ಪ್ರವೇಶ ಸಿಗುವುದು ಸುಮಾರು 23 ಸಾವಿರ ಮಂದಿಗೆ. ಸಂದರ್ಶನಕ್ಕೆ ಕರೆ ಬಂತೆಂದರೆ ಅರ್ಧ ಬೆಟ್ಟ ಹತ್ತಿದಂತೆಯೇ ಸರಿ. ಉಳಿದರ್ಧದಲ್ಲಿ ಕಾಲು ಜಾರಬಾರದೆಂಬ ಭಯದಿಂದಲೇ ಈ ಪತ್ರದ ಚಿಂತೆ ಹುಟ್ಟುವುದು.

ಮೊದಲು ಸಂದರ್ಶನವಾದ ಮೇಲೆ ನಡೆಯುವುದೇನೆಂದು ಹೇಳುತ್ತೇನೆ. ಅರ್ಧ ಗಂಟೆ ಅಭ್ಯರ್ಥಿಯೊಡನೆ ಮಾತನಾಡಿದ ಬಳಿಕ ಸಂದರ್ಶಕ ತನ್ನ ವರದಿಯನ್ನು ಬಹುಮಟ್ಟಿಗೆ ಅಂದೇ ಅಥವಾ ಮರುದಿನ ಬರೆದು ಕಳಿಸಿಬಿಡುತ್ತಾನೆ. ತಡವಾದರೆ ಒಬ್ಬರ ಮಾತು ಇನ್ನೊಬ್ಬರದರೊಡನೆ ಕಲೆಸಿಹೋಗುತ್ತದೆ. ಹಲವು ಕಡೆ ಅಭ್ಯರ್ಥಿಯ ಅಂಕಗಳನ್ನು ಸಂದರ್ಶಕನಿಗೆ ತೋರಿಸುವುದೂ ಇಲ್ಲ. ಆ ವರದಿ ಪ್ರವೇಶ ಸಮಿತಿಗೆ ಹೋಗುತ್ತದೆ. ಅಲ್ಲಿ ಕುಳಿತವರು ಇಡೀ ಕಡತ ನೋಡಿ ನಿರ್ಧರಿಸುತ್ತಾರೆ. ಸಂದರ್ಶಿಸಿದವನು ಆ ಸಭೆಯಲ್ಲಿ ಇರಲೇಬೇಕೆಂದಿಲ್ಲ. ಹೀಗಾಗಿ ಮೂರು ದಿನದ ಮೇಲೆ ಬರುವ ಧನ್ಯವಾದ ಪತ್ರ ನನ್ನ ಕೈ ಸೇರುವ ಹೊತ್ತಿಗೆ ನಾನು ಹೇಳಬೇಕಾದುದನ್ನು ಹೇಳಿ ಮುಗಿಸಿರುತ್ತೇನೆ. ಪತ್ರ ಎಷ್ಟೇ ಸೊಗಸಾಗಿದ್ದರೂ ಬರೆದ ವರದಿಯ ಅಕ್ಷರ ಬದಲಾಗುವುದಿಲ್ಲ.

ಇನ್ನು ಮಿನಿ ಸಂದರ್ಶನಗಳ ಸರಣಿ ಎಂಬ ಪದ್ಧತಿಯಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದನ್ನು ಈಗ ಅಮೆರಿಕದ ಅನೇಕ ಕಾಲೇಜುಗಳೂ ಅನುಸರಿಸುತ್ತವೆ. ಅಭ್ಯರ್ಥಿ ಒಂದೊಂದು ಕೋಣೆಗೂ ಹೋಗಿ, ಕೊಟ್ಟ ಸನ್ನಿವೇಶದ ಬಗ್ಗೆ ಕೆಲವೇ ನಿಮಿಷ ಮಾತನಾಡಿ, ಗಂಟೆ ಬಾರಿಸಿದೊಡನೆ ಮುಂದಿನ ಕೋಣೆಗೆ ನಡೆಯಬೇಕು. ಎದುರಿಗೆ ಕುಳಿತವರ ಹೆಸರು ಕೂಡ ನೆನಪಿನಲ್ಲಿ ಉಳಿಯುವುದಿಲ್ಲ. 2020ರ ಕೋವಿಡ್ ಕಾಲದಿಂದೀಚೆಗೆ ಸಂದರ್ಶನಗಳು ಬಹುಪಾಲು ಕಂಪ್ಯೂಟರ್ ಪರದೆಯ ಮೇಲೇ ನಡೆಯುತ್ತಿವೆ. ಹೀಗಿರುವಾಗ ಯಾರ ವಿಳಾಸಕ್ಕೆ ಬರೆಯುವುದು? ಅಂತಹ ಸಂದರ್ಭದಲ್ಲಿ ಪ್ರವೇಶ ವಿಭಾಗದ ಕಚೇರಿಗೆ ಎರಡು ಸಾಲು ಬರೆದರೆ ಸಾಕು. ಸಂದರ್ಶಕರ ಖಾಸಗಿ ವಿಳಾಸವನ್ನು ಅಂತರ್ಜಾಲದಲ್ಲಿ ಹುಡುಕಿ ತೆಗೆದು ಬರೆಯುವುದು ಸೌಜನ್ಯವಲ್ಲ, ಬೆನ್ನು ಹತ್ತಿದಂತೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಕಾಲೇಜು ಏನು ಹೇಳಿದೆಯೋ ಅದನ್ನು ಓದಬೇಕು. ಕೆಲವು ಕಾಲೇಜುಗಳು ಪತ್ರಗಳನ್ನು ಸ್ವೀಕರಿಸಿ ಕಡತಕ್ಕೆ ಸೇರಿಸುತ್ತವೆ. ಕೆಲವು, ಪತ್ರ ಬೇಡ, ಬಂದರೂ ಪರಿಗಣಿಸುವುದಿಲ್ಲ ಎಂದು ಸಂದರ್ಶನದ ದಿನವೇ ತಿಳಿಸುತ್ತವೆ. ಬೇಡವೆಂದ ಮೇಲೂ ಬರೆದರೆ ಅದು ವಿನಯವಾಗುವುದಿಲ್ಲ. ಮುಂದೆ ರೋಗಿಯ ಮಾತನ್ನೂ ದಾದಿಯ ಸೂಚನೆಯನ್ನೂ ಕಿವಿಗೊಟ್ಟು ಕೇಳಬೇಕಾದವರು ಇವರು. ಸ್ಪಷ್ಟವಾಗಿ ಹೇಳಿದ ಒಂದು ಮಾತನ್ನು ಕೇಳಿಸಿಕೊಳ್ಳಲಿಲ್ಲವಲ್ಲ ಎಂದೇ ಅನ್ನಿಸುತ್ತದೆ.

ಈ ವಿಷಯದಲ್ಲಿ ನಮ್ಮವರಿಗೆ ತೊಡಕಾಗುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಧನ್ಯವಾದವೆಂಬುದು ಬಾಯಿಮಾತಲ್ಲ. ಊಟ ಬಡಿಸಿದ ಅಮ್ಮನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಆಕೆ ನೊಂದುಕೊಂಡಾಳು. ಆ ಪದ ಹೆಚ್ಚಾಗಿ ಕೇಳುವುದು ಸಭೆಯ ಕೊನೆಯ ವಂದನಾರ್ಪಣೆಯಲ್ಲಿ. ಆದರೆ ಪಕ್ಕದ ಮನೆಯವರು ಪಾಯಸ ಕಳಿಸಿದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಮ್ಮ ಕೃತಜ್ಞತೆ ಇರುವುದು ಆ ಸಕ್ಕರೆಯಲ್ಲಿ. ಆದ್ದರಿಂದಲೇ ಪರಿಚಿತ ತಾಯಿಯೊಬ್ಬರು, "ಬರೀ ಎರಡು ಸಾಲು ಹೇಗೆ ಕಳಿಸೋದು ಡಾಕ್ಟ್ರೇ? ಒಂದು ಡಬ್ಬಿ ಮೈಸೂರ್‌ಪಾಕ್ ಕಳಿಸಿದ್ರೆ ತಪ್ಪಾ?" ಎಂದು ಕೇಳಿದಾಗ ನನಗೆ ನಗು ಬರಲಿಲ್ಲ. ಅವರ ಮನಸ್ಸು ನನಗೆ ಅರ್ಥವಾಗಿತ್ತು. ಆದರೂ ಬೇಡವೆಂದೆ. ಇಲ್ಲಿ ಫಲಿತಾಂಶಕ್ಕೆ ಮುನ್ನ ಬರುವ ಉಡುಗೊರೆ, ಎಷ್ಟೇ ಚಿಕ್ಕದಾಗಿರಲಿ, ಪ್ರಭಾವ ಬೀರುವ ಯತ್ನವೆಂದೇ ಕಾಣುತ್ತದೆ. ಪಡೆದವರು ಅದನ್ನು ಹಿಂದಿರುಗಿಸಿ ಕಚೇರಿಗೆ ವರದಿ ಮಾಡಬೇಕಾಗಬಹುದು. ಹಾನಿ ಮಗುವಿಗೇ.

ಹಾಗಾದರೆ ಪತ್ರ ವ್ಯರ್ಥವೆ? ನನ್ನ ಮೇಜಿನ ಖಾನೆಯಲ್ಲಿ ಹಲವು ವರ್ಷಗಳ ಹಿಂದಿನ ಒಂದು ಪತ್ರವಿದೆ. ಬರೆದಾಕೆ ಮರಣಾಸನ್ನರ ಆರೈಕೆ ಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿದ್ದವಳು. ತಾನು ದಿನವೂ ನೋಡುತ್ತಿದ್ದ ವೃದ್ಧರು ತೀರಿಕೊಂಡ ದಿನ ಅವಳು ಏನು ಮಾಡಿದಳೆಂದು ನಾನು ಕೇಳಿದ್ದೆ. ಆಗ ಅವಳು ತಡವರಿಸಿದ್ದಳು. ಪತ್ರದಲ್ಲಿ ಬರೆದಿದ್ದಳು: ನಿಮ್ಮ ಪ್ರಶ್ನೆ ಮನೆಯವರೆಗೂ ನನ್ನೊಡನೆ ಬಂತು, ಅಂದು ನಾನು ಅವರ ಹಾಸಿಗೆಯ ಚಾದರವನ್ನು ಮಡಿಸಿಟ್ಟು ಮನೆಗೆ ಹೋದೆ, ಯಾರಿಗೂ ಹೇಳಲಿಲ್ಲ, ಹೇಳಬೇಕಿತ್ತೆಂದು ಈಗ ಅನ್ನಿಸುತ್ತಿದೆ, ಆ ಪ್ರಶ್ನೆಗಾಗಿ ಧನ್ಯವಾದ. ಪತ್ರ ಬರುವ ವೇಳೆಗೆ ನನ್ನ ವರದಿ ಹೋಗಿ ಎರಡು ದಿನವಾಗಿತ್ತು. ಆ ವರ್ಷ ಅವಳಿಗೆ ನಮ್ಮಲ್ಲಿ ಪ್ರವೇಶ ಸಿಗಲೂ ಇಲ್ಲ. ಪತ್ರ ಫಲಿತಾಂಶವನ್ನು ಬದಲಿಸಲಿಲ್ಲ. ಆದರೆ ಅದರಲ್ಲಿ ಬೇಡಿಕೆ ಒಂದೂ ಇರಲಿಲ್ಲವೆಂಬ ಕಾರಣಕ್ಕೇ ನಾನದನ್ನು ಉಳಿಸಿಕೊಂಡಿದ್ದೇನೆ.

ಇದಕ್ಕೆ ವಿರುದ್ಧವಾದವೂ ಬರುತ್ತವೆ. ನನಗೂ ನನ್ನ ಸಹೋದ್ಯೋಗಿಗೂ ಒಬ್ಬನೇ ಅಭ್ಯರ್ಥಿಯಿಂದ ಅಕ್ಷರಶಃ ಒಂದೇ ಪತ್ರ ಬಂದದ್ದುಂಟು. ಬೇರೆ ಕಾಲೇಜಿನ ಹೆಸರನ್ನು ಅಳಿಸಲು ಮರೆತ ಪತ್ರವೂ ಬಂದದ್ದುಂಟು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪತ್ರಗಳು ಹೆಚ್ಚಿವೆ. ಹತ್ತು ಪತ್ರಗಳನ್ನು ಸಾಲಾಗಿ ಓದಿದರೆ ಒಬ್ಬನೇ ಹತ್ತು ಸಹಿ ಹಾಕಿದಂತಿರುತ್ತದೆ. ಇಂತಹವುಗಳಿಗಿಂತ ಮೌನ ಲೇಸು.

ಬರೆಯುವುದಾದರೆ ಒಂದೆರಡು ದಿನದೊಳಗೆ, ಇ-ಮೇಲ್‌ನಲ್ಲಿ, ನಾಲ್ಕೈದು ಸಾಲು ಮೀರದಂತೆ ಬರೆಯಿರಿ. ಮಾದರಿ ಬೇಕೆನ್ನುವವರಿಗೆ ಇಷ್ಟು ಸಾಕು: "ಮಂಗಳವಾರ ನನ್ನೊಡನೆ ಮಾತನಾಡಲು ಬಿಡುವು ಮಾಡಿಕೊಂಡದ್ದಕ್ಕೆ ಧನ್ಯವಾದಗಳು. ದುಭಾಷಿ ಇಲ್ಲದ ರಾತ್ರಿಗಳಲ್ಲಿ ನಿಮ್ಮ ಚಿಕಿತ್ಸಾಲಯ ಹೇಗೆ ನಡೆಯುತ್ತದೆಂದು ನೀವು ವಿವರಿಸಿದ್ದು, ನಾನು ಕೆಲಸ ಮಾಡುವ ಕಡೆ ಗಮನಿಸದೆ ಇದ್ದ ಸಂಗತಿಯನ್ನು ತೋರಿಸಿಕೊಟ್ಟಿತು. ನಿಮ್ಮ ಸಮಯಕ್ಕೆ ನಾನು ಋಣಿ." ಅಂಕಗಳ ಪ್ರಸ್ತಾಪ ಬೇಡ, ಸಂದರ್ಶನದಲ್ಲಿ ತಪ್ಪಿದ ಉತ್ತರವನ್ನು ತಿದ್ದುವ ಸಾಹಸ ಬೇಡ, ಹೊಗಳಿಕೆ ಬೇಡ. ಉತ್ತರ ಬರದಿದ್ದರೆ ಅಪಶಕುನವೆಂದು ಕೊರಗುವುದೂ ಬೇಡ. ಎಷ್ಟೋ ಕಡೆ ಉತ್ತರಿಸಬಾರದೆಂದು ಸಂದರ್ಶಕರಿಗೇ ಸೂಚನೆಯಿರುತ್ತದೆ.

ಅಲ್ಲಿಂದ ಎಂಬಿಬಿಎಸ್ ಮುಗಿಸಿ ಬರಬೇಕೆಂದಿರುವವರ ದಾರಿ ಬೇರೆ. ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಬರೆದು, ರೆಸಿಡೆನ್ಸಿ ತರಬೇತಿಗೆ ಅರ್ಜಿ ಹಾಕಿದ ಮೇಲೆ ಅವರಿಗೂ ಸಂದರ್ಶನದ ಘಟ್ಟ ಬರುತ್ತದೆ. ಅಲ್ಲಿ ಈ ಪತ್ರದ ಪ್ರಲೋಭನೆ ಇನ್ನೂ ತೀವ್ರ. ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ದೊಡ್ಡಪ್ಪನ ಮಗಳು ಫೋನ್ ಮಾಡಿದ್ದಳು. "ಅಲ್ಲೋ, ಇಂಟರ್‌ವ್ಯೂ ಆದ್ಮೇಲೆ ನೀವೇ ನನಗೆ ಫಸ್ಟ್ ಅಂತ ಬರೆದ್ರೆ ಸೀಟು ಗಟ್ಟಿ ಅಂತೆ, ಹೌದೇನೋ?" ಎಂದಳು. ಮಗನ ಪರೀಕ್ಷೆ, ಪ್ರಯಾಣಗಳಿಗಾಗಿ ಅಕ್ಕ ಭಾವ ಒಂದು ನಿವೇಶನವನ್ನೇ ಮಾರಿದ್ದರು. ಅವನಿಗೆ ಬಂದದ್ದು ನಾಲ್ಕೇ ಸಂದರ್ಶನ. ಒಂದು ಕಡೆಯವರು ಪತ್ರ ಬೇಡವೆಂದಿದ್ದರು. ಉಳಿದ ಮೂರೂ ಕಡೆಗೆ "ನೀವೇ ನನ್ನ ಮೊದಲ ಆಯ್ಕೆ" ಎಂದು ಬರೆಯಲು ಹುಡುಗ ಸಿದ್ಧನಾಗಿದ್ದ. "ಎಲ್ರೂ ಬರೀತಾರೆ ಮಾಮಾ, ನಾನೊಬ್ನೇ ಹಿಂದೆ ಬಿದ್ಬಿಡ್ತೀನಿ" ಎಂಬುದು ಅವನ ವಾದ. "ಮೂವರಿಗೂ ನೀವೇ ಮೊದಲು ಅಂದ್ರೆ ಇಬ್ಬರಿಗೆ ಸುಳ್ಳು ಹೇಳಿದ ಹಾಗಲ್ವೇನಪ್ಪಾ?" ಎಂದೆ.

ಅವನಿಗೆ ವ್ಯವಸ್ಥೆಯನ್ನೂ ವಿವರಿಸಿದೆ. ರೆಸಿಡೆನ್ಸಿ ಸ್ಥಾನಗಳು ತೀರ್ಮಾನವಾಗುವುದು ಮ್ಯಾಚ್ ಎಂಬ ಕ್ರಮದಿಂದ. ಅಭ್ಯರ್ಥಿಗಳು ತಮ್ಮ ಇಷ್ಟದ ಪಟ್ಟಿ ಕೊಡುತ್ತಾರೆ, ಆಸ್ಪತ್ರೆಗಳು ತಮ್ಮ ಪಟ್ಟಿ ಕೊಡುತ್ತವೆ, ಕಂಪ್ಯೂಟರ್ ಹೊಂದಿಸುತ್ತದೆ. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ. ಈ ಲೆಕ್ಕಾಚಾರವನ್ನು ಮರುರೂಪಿಸಿದವರಲ್ಲಿ ಒಬ್ಬರಾದ ಅಲ್ವಿನ್ ರಾತ್ ಅವರಿಗೆ 2012ರಲ್ಲಿ, ಲಾಯ್ಡ್ ಶೇಪ್ಲಿ ಅವರೊಡನೆ, ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ತನಗೆ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಪಟ್ಟಿ ಬರೆಯುವುದು ಅಭ್ಯರ್ಥಿಗೆ ಅತ್ಯಂತ ಲಾಭಕರವಾಗುವಂತೆ ಅದನ್ನು ರಚಿಸಿದ್ದಾರೆ. ಸಂದರ್ಶನದ ನಂತರ ಅಭ್ಯರ್ಥಿಯಿಂದ ಪತ್ರ ಕೇಳಬಾರದು, ಪಟ್ಟಿಯ ಕ್ರಮ ಹೇಳೆಂದು ಒತ್ತಾಯಿಸಬಾರದು ಎಂದು ಆಸ್ಪತ್ರೆಗಳಿಗೂ ನಿಯಮವಿದೆ. ಹುಡುಗ ಮೂರು ಕಡೆಗೂ ಚಿಕ್ಕ ಧನ್ಯವಾದ ಬರೆದ; ಮೊದಲ ಆಯ್ಕೆಯೆಂದು ಒಂದೇ ಕಡೆಗೆ ತಿಳಿಸಿದ. ಮಾರ್ಚಿನಲ್ಲಿ ಅವನಿಗೆ ಸ್ಥಾನ ಸಿಕ್ಕಿದ್ದು ಪತ್ರವೇ ಬೇಡವೆಂದಿದ್ದ ಆಸ್ಪತ್ರೆಯಲ್ಲಿ, ಅವನ ಪಟ್ಟಿಯ ಎರಡನೆಯದರಲ್ಲಿ. ಒಂದು ಉದಾಹರಣೆಯಿಂದ ನಿಯಮ ಹುಟ್ಟದು. ಆದರೆ ಸುಳ್ಳು ಹೇಳಬೇಕಾದ ಅಗತ್ಯ ಅವನಿಗೆ ಇರಲಿಲ್ಲವೆಂಬುದಂತೂ ನಿಜ.

ಧನ್ಯವಾದ ಪತ್ರ ಬೇರೆ, ಆಸಕ್ತಿ ತಿಳಿಸುವ ಪತ್ರ ಬೇರೆ. ಸಿಕ್ಕರೆ ಖಂಡಿತ ಸೇರುತ್ತೇನೆಂಬ ಮಾತನ್ನು ಕಾಲೇಜು ಅನುಮತಿಸಿದಲ್ಲಿ ಹೇಳಬಹುದು. ಆದರೆ ಅದನ್ನು ಒಂದೇ ಕಡೆಗೆ, ಒಮ್ಮೆ, ನಿಜವಾಗಿದ್ದರೆ ಮಾತ್ರ ಹೇಳಬೇಕು. ಅದನ್ನು ಧನ್ಯವಾದದ ಬಟ್ಟೆಯಲ್ಲಿ ಸುತ್ತಿ ಎಲ್ಲರಿಗೂ ಹಂಚಬಾರದು. ಕೃತಜ್ಞತೆ ಎರಡನೆಯ ಅರ್ಜಿಯಲ್ಲ.

ಸಂದರ್ಶಕನಿಗೆ ಬರೆಯಲು ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ನಿಜಕ್ಕೂ ಋಣವಿರುವವರನ್ನು ಮರೆಯುತ್ತೇವೆ. ಶಿಫಾರಸು ಪತ್ರ ಬರೆದ ಪ್ರಾಧ್ಯಾಪಕರು ತಮ್ಮ ಸಂಜೆಗಳನ್ನು ಅದಕ್ಕೆ ಕೊಟ್ಟಿರುತ್ತಾರೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ವಾರ್ಡ್ ರೌಂಡ್ಸ್ ಮುಗಿಸಿ, ಪರಿಚಯವಿಲ್ಲದ ಜಾಲತಾಣದೊಡನೆ ಹೆಣಗಿ, ಆ ಪತ್ರವನ್ನು ಏರಿಸಿರುತ್ತಾರೆ. ಶಿಷ್ಯನಿಗೆ ಸ್ಥಾನ ಸಿಕ್ಕಿತೋ ಇಲ್ಲವೋ ಎಂಬುದು ಅವರಿಗೆ ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಸಂದರ್ಶನದ ವೇಳೆ ಹೊಂದಿಸಿಕೊಟ್ಟ ಕಚೇರಿಯ ಸಹಾಯಕಿ, ಅಣಕು ಸಂದರ್ಶನ ಮಾಡಿ ತಪ್ಪು ತಿದ್ದಿದ ಹಿರಿಯ ವಿದ್ಯಾರ್ಥಿ, ತಿಂಗಳುಗಟ್ಟಲೆ ಮಲಗಲು ಜಾಗ ಕೊಟ್ಟ ಪರಿಚಿತರ ಮನೆಯವರು, ಇವರಾರೂ ಪ್ರವೇಶ ಸಮಿತಿಯಲ್ಲಿಲ್ಲ. ಇವರಿಗೆ ಬರೆದರೆ ಲಾಭವೇನೂ ಇಲ್ಲ. ಫಲಿತಾಂಶ ಏನೇ ಬರಲಿ, ಮೊದಲ ಪತ್ರ ಇವರಿಗೆ ಹೋಗಲಿ. ಪ್ರಾಧ್ಯಾಪಕರಿಗೆ ಸಾಧ್ಯವಾದರೆ ಫೋನ್ ಮಾಡಿ, ಮುಂದೆ ಊರಿಗೆ ಹೋದಾಗ ಖುದ್ದಾಗಿ ಕಂಡು ಬನ್ನಿ. ಮೈಸೂರ್‌ಪಾಕಿನ ಡಬ್ಬಿಗೆ ಅಲ್ಲಿ ಯಾರ ಅಡ್ಡಿಯೂ ಇಲ್ಲ.