ಅಲೆ, ಬಂಡೆ ಮತ್ತು ಮೊಬೈಲು

ಮಲ್ಪೆ, ಕಾಪು ಕಡೆ ನಾನು ತೆಗೆದ ಸಮುದ್ರದ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ‘ಯಾವ ಕ್ಯಾಮೆರಾ?’ ಎಂದು. ಅಣ್ಣನ ಹಳೆಯ ಮೊಬೈಲು, ಅಷ್ಟೇ. ಫೋಟೋ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ನಾನು ಸುಮ್ಮನೆ ನಿಂತು ನೋಡುತ್ತೇನೆ.

ಮೊದಲು ಬಂಡೆಯನ್ನು ನೋಡಬೇಕು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಲಾವಾ ತಣಿದು ಕುಗ್ಗಿದಾಗ ಬಿರುಕು ಬಿಟ್ಟು ಕಂಬ ಕಂಬವಾಯಿತು. ಅನೇಕ ಕಂಬಗಳಿಗೆ ಆರು ಮುಖ. ಈಗ ಆ ಬಿರುಕುಗಳಲ್ಲೇ ನೀರು ನುಗ್ಗಿ ಅವನ್ನು ಬಿಡಿಸುತ್ತಿದೆ. ಬೇರೆ ದೇಶಗಳ ಕಡಲಲ್ಲಿ ಒಂಟಿಯಾಗಿ ನಿಂತ ದೊಡ್ಡ ಕಲ್ಲುಕಂಬಗಳ ಕತೆಯೂ ಇಂಥದ್ದೇ: ಬಿರುಕು ಗುಹೆಯಾಗಿ, ಗುಹೆ ಕಮಾನಾಗಿ, ಕಮಾನಿನ ನೆತ್ತಿ ಕುಸಿದ ಮೇಲೆ ಉಳಿದದ್ದು ಕಂಬ. ಆದ್ದರಿಂದ ಅಲೆ ಬಿರುಕಿಗೆ ನುಗ್ಗುವ ಜಾಗವನ್ನೇ ನಾನು ಹುಡುಕುತ್ತೇನೆ. ನೀರು ಅತಿ ಎತ್ತರಕ್ಕೆ ಚಿಮ್ಮುವುದು ಅಲ್ಲಿಯೇ.

ಮೊಬೈಲಿನ ‘ಪ್ರೊ’ ಮೋಡ್‌ನಲ್ಲಿ ಶಟರ್ ವೇಗ ಬದಲಿಸಬಹುದು. 1/1000 ಸೆಕೆಂಡಿನಲ್ಲಿ ಪ್ರತಿ ಹನಿಯೂ ಗಾಳಿಯಲ್ಲೇ ನಿಲ್ಲುತ್ತದೆ. ಅರ್ಧ ಸೆಕೆಂಡಿಟ್ಟರೆ ನೊರೆ ಗೆರೆಗೆರೆಯಾಗಿ ಬಂಡೆಯಿಂದ ಇಳಿಯುವುದು ಕಾಣುತ್ತದೆ. ನನಗೆ ಇದೇ ಇಷ್ಟ. ಹತ್ತು ಸೆಕೆಂಡಾದರೆ ಸಮುದ್ರವೇ ಮಂಜಾಗಿಬಿಡುತ್ತದೆ, ಅಲೆಯ ಗುರುತೇ ಇರುವುದಿಲ್ಲ. ಆದರೆ ಹಗಲಿನಲ್ಲಿ ಅರ್ಧ ಸೆಕೆಂಡಿಟ್ಟರೆ ಚಿತ್ರ ಬರೀ ಬಿಳಿ. ಕಾಪುವಿನಲ್ಲಿ ಮಗ್ರಿಬ್ ಮುಗಿಸಿ ಬಂದರೂ ಸ್ವಲ್ಪ ಹೊತ್ತು ತೆಳು ಬೆಳಕಿರುತ್ತದೆ, ಅದು ಸಾಕು. ಟ್ರೈಪಾಡ್ ಬೇಕೇ ಬೇಕು. ನೊರೆಯ ಬಿಳುಪು ಉಳಿಯಲು ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ ತೆಗೆಯಿರಿ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖಮಾಡಿದೆ. ಸಂಜೆ ಬಂಡೆ ಬರೀ ಕಪ್ಪು ಆಕಾರ, ಕಲ್ಲಿನ ಬಣ್ಣ ಬೇಕಿದ್ದರೆ ಬೆಳಿಗ್ಗೆಯೇ ಹೋಗಬೇಕು.

ಇನ್ನು ನಿಲ್ಲುವ ಜಾಗ. ಮೀನುಗಾರಿಕೆಗೆ ಹೋಗುವ ನಮ್ಮ ಮಾಮ ಹೇಳುವುದು ಒಂದೇ: ಪಾಚಿ ಕಟ್ಟಿದ, ಒದ್ದೆಯಾದ ಕಲ್ಲಿನ ಮೇಲೆ ಕಾಲಿಡಬೇಡ. ಅಲೆ ಅಲ್ಲಿಯವರೆಗೆ ಬರುತ್ತದೆ ಎಂದೇ ಅರ್ಥ. ಅಲೆಗಳು ಒಂದೇ ಸಮ ಇರುವುದಿಲ್ಲ. ಹಲವು ಸಣ್ಣವು ಬಂದ ಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬರಬಹುದು. ಹಾಗಾಗಿ ಕಾಲು ಗಂಟೆ ದೂರದಿಂದ ನೋಡಿದ ಮೇಲಷ್ಟೇ ನಾನು ಟ್ರೈಪಾಡ್ ಬಿಚ್ಚುವುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರು. ನಮ್ಮ ಮನೆಗಳಲ್ಲಿರುವ ಹಿಜರಿ ಕ್ಯಾಲೆಂಡರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ತಿಂಗಳ ಮೊದಲ ದಿನಗಳು, ಮತ್ತೆ 15ರ ಅಕ್ಕಪಕ್ಕ ಎಂದರೆ ನೀರು ಹೆಚ್ಚು ಮೇಲೇರುವ ದಿನಗಳು. ಸೆಲ್ಫಿಗೆಂದು ಸಮುದ್ರಕ್ಕೆ ಬೆನ್ನು ಹಾಕುವುದು ಯಾವ ದಿನವೂ ಬೇಡ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ, ಬಂಡೆಯ ಕಡೆ ಹೋಗಲೂಬಾರದು.

ಮನೆಗೆ ಬಂದ ಮೇಲೆ ಲೆನ್ಸನ್ನು ಅಂಗಿಯ ತುದಿಯಿಂದ ಉಜ್ಜಬೇಡಿ. ಒಣಗಿದ ಉಪ್ಪು, ಮರಳು ಗೀರು ಮಾಡುತ್ತವೆ. ಮೆತ್ತನೆಯ ಬಟ್ಟೆಯನ್ನು ಸಿಹಿನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಗುರವಾಗಿ ಒರೆಸಿ. ಟ್ರೈಪಾಡ್‌ನ ಕಾಲುಗಳನ್ನೂ ನಲ್ಲಿ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.