ಶಾಂಪೂ ಪೊಟ್ಟಣದ ಮೇಲೆ ಕಾಣದ ಅಮೀನು

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಂಥ ಊರಿನ ಅಂಗಡಿಯಲ್ಲೂ ಈಗ ಸೀಗೆಪುಡಿಯ ಪಕ್ಕದಲ್ಲೇ ಶಾಂಪೂ ಪೊಟ್ಟಣಗಳ ಸರ ತೂಗಾಡುತ್ತದೆ. ಒಂದನ್ನು ಕೊಂಡು ಹಿಂಬದಿಯ ಅಕ್ಷರಗಳನ್ನು ಓದಿ ನೋಡಿ (ಭೂತಗನ್ನಡಿ ಬೇಕಾದೀತು!). ಹಲವು ಶಾಂಪೂಗಳಲ್ಲಿ ‘ಕೊಕಾಮಿಡೊಪ್ರೊಪೈಲ್ ಬೀಟೇನ್’ ಎಂಬ ಹೆಸರಿರುತ್ತದೆ. ಇದರಲ್ಲಿ ‘ಕೊಕ’ ಎಂದರೆ ತೆಂಗು. ಉಳಿದ ಭಾಗದ ಹಿಂದೆ ಇರುವುದು ಡೈಮೀಥೈಲ್‌ಅಮಿನೊಪ್ರೊಪೈಲ್‌ಅಮೀನ್, ಚಿಕ್ಕದಾಗಿ ಡಿಎಂಎಪಿಎ.

ಇದು ಅಮೋನಿಯದಂತೆ ನಾರುವ, ಚರ್ಮವನ್ನು ಸುಡಬಲ್ಲ, ಬಣ್ಣವಿಲ್ಲದ ದ್ರವ. ಇಂಥದ್ದು ಶಾಂಪೂವಿಗೆ ಹೇಗೆ ಒದಗಿತು? ಇದರ ಅಣುವಿನಲ್ಲಿ 2 ನೈಟ್ರೋಜನ್ ಪರಮಾಣುಗಳಿವೆ. ನಡುವೆ 3 ಕಾರ್ಬನ್‌ಗಳ ಸೇತುವೆ. ಒಂದು ತುದಿಯ ನೈಟ್ರೋಜನ್‌ಗೆ 2 ಹೈಡ್ರೋಜನ್‌ಗಳಿವೆ, ಇನ್ನೊಂದಕ್ಕೆ ಒಂದೂ ಇಲ್ಲ. ಮೊದಲನೆಯದು ತೆಂಗಿನೆಣ್ಣೆಯ ಮೇದಾಮ್ಲದೊಡನೆ ಕೂಡಿ, ನೀರನ್ನು ಹೊರಹಾಕಿ, ಅಮೈಡ್ ಬಂಧ ಕಟ್ಟುತ್ತದೆ. ಎರಡನೆಯದು ಸೋಡಿಯಂ ಕ್ಲೋರೊಅಸಿಟೇಟ್‌ನೊಂದಿಗೆ ವರ್ತಿಸಿ 4ನೆಯ ಬಂಧ ಪಡೆದು ಧನ ವಿದ್ಯುದಂಶ ಹೊರುತ್ತದೆ. ಅದರ ಪಕ್ಕದಲ್ಲೇ ಕಾರ್ಬಾಕ್ಸಿಲೇಟ್‌ನ ಋಣ ವಿದ್ಯುದಂಶ. ಜೊತೆಗೆ ನಮ್ಮ ಅಡುಗೆ ಉಪ್ಪೂ ಹುಟ್ಟುತ್ತದೆ.

ಭೌತವಿಜ್ಞಾನದವನಾದ ನನಗೆ ರುಚಿಸುವುದು ಈ ಧನ-ಋಣಗಳ ಜೋಡಿ. ಸಾಬೂನಿನ ಅಣುವಿಗೆ ಇರುವುದು ಋಣ ವಿದ್ಯುದಂಶ ಮಾತ್ರ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಅದನ್ನು ಹಿಡಿದು ಬಿಳಿ ಕಲ್ಮಷವಾಗಿಸುತ್ತವೆ. ಬೀಟೇನಿನಲ್ಲಿ ಒಟ್ಟು ವಿದ್ಯುದಂಶ ಸೊನ್ನೆ, ಹೀಗಾಗಿ ಅದು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ತರಗತಿಯಲ್ಲಿ ಎರಡು ಸೀಸೆ ನೀರಿಗೆ ಚಿಟಿಕೆ ಎಪ್ಸಮ್ ಲವಣ ಹಾಕಿ, ಒಂದಕ್ಕೆ ಸಾಬೂನು ದ್ರಾವಣ, ಇನ್ನೊಂದಕ್ಕೆ ಶಾಂಪೂ ಸೇರಿಸಿ ಕುಲುಕಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. (ಶಾಂಪೂವಿನ ಸಲ್ಫೇಟ್‌ಗಳಿಗೂ ಇದರಲ್ಲಿ ಪಾಲಿದೆ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ.) ಆ ಸಲ್ಫೇಟ್‌ಗಳೊಡನೆ ಬೀಟೇನ್ ಮಿಶ್ರ ಗೊಂಚಲುಗಳನ್ನು ಕಟ್ಟುವುದರಿಂದ, ಚರ್ಮದ ಪ್ರೋಟೀನಿಗೆ ಅಂಟುವ ಬಿಡಿ ಸಲ್ಫೇಟ್ ಅಣುಗಳು ಕಡಿಮೆಯಾಗುತ್ತವೆ. ‘ಮೃದು’ ಶಾಂಪೂವಿನ ಗುಟ್ಟು ಇದೇ.

ಹಾಗಿದ್ದೂ ಕೆಲವರಿಗೆ ಇದರಿಂದ ಕಣ್ಣರೆಪ್ಪೆ, ಕತ್ತು, ನೆತ್ತಿಗಳಲ್ಲಿ ತುರಿಕೆ ಏಳುತ್ತದೆ. 2004ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು ಕೊಕಾಮಿಡೊಪ್ರೊಪೈಲ್ ಬೀಟೇನನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಆದರೆ ಅನೇಕ ಅಧ್ಯಯನಗಳು ಬೆರಳು ತೋರಿದ್ದು ಬೀಟೇನಿನತ್ತ ಅಲ್ಲ; ಅದರೊಳಗೆ ಕೂಡದೆ ಉಳಿದ ಡಿಎಂಎಪಿಎ ಮತ್ತು ಅರ್ಧ ದಾರಿಯಲ್ಲಿ ನಿಂತ ಅಮಿಡೊಅಮೀನ್‌ಗಳತ್ತ. ಮೇದಾಮ್ಲವೆಲ್ಲ ಖರ್ಚಾಗಲೆಂದು ತಯಾರಕರು ಅಮೀನನ್ನು ತುಸು ಹೆಚ್ಚಾಗಿಯೇ ಹಾಕಿ, ಮಿಕ್ಕದ್ದನ್ನು ಬಟ್ಟಿಯಿಳಿಸಿ ತೆಗೆಯುತ್ತಾರೆ. ಎಷ್ಟು ತೆಗೆದರೂ ಲೇಶ ಉಳಿಯಬಹುದು. ಅದು ಸೇರಿಸಿದ ಪದಾರ್ಥವಲ್ಲ, ಉಳಿಕೆ. ಆದ್ದರಿಂದ ಪೊಟ್ಟಣದ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ. ತುರಿಕೆ ಬಿಡದೆ ಕಾಡಿದರೆ ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಮಾಡುವ ‘ಪ್ಯಾಚ್ ಪರೀಕ್ಷೆ’ಯಲ್ಲಿ ಬೀಟೇನನ್ನೂ ಈ ಅಮೀನನ್ನೂ ಬೇರೆಬೇರೆಯಾಗಿ ಇಟ್ಟು ನೋಡಬಹುದು.