ಬೆಟ್ಟವಿಲ್ಲದ ಊರಿನಲ್ಲಿ ಬೆಟ್ಟದ ಓಟದ ತಯಾರಿ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬುದು ನಮ್ಮ ಹಿರಿಯರ ಗಾದೆ. ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ನಮ್ಮ ಕಣ್ಣಿಗೆ ದೂರದ ಬೆಟ್ಟವೂ ಬೀಳುವುದಿಲ್ಲ. ಕೇಟಿಯಿಂದ ಪೇರ್‌ಲ್ಯಾಂಡಿನವರೆಗೆ, ಶುಗರ್ ಲ್ಯಾಂಡಿನಿಂದ ಗ್ಯಾಲ್ವೆಸ್ಟನ್ ಕಡಲತೀರದವರೆಗೆ ಎತ್ತ ನೋಡಿದರೂ ತಟ್ಟಿದ ರೊಟ್ಟಿಯಂತೆ ಸಪಾಟಾದ ನೆಲ. ಸಂಜೆಯ ವಾಕಿಂಗ್ ಇರಲಿ, ಶನಿವಾರ ಬೆಳಗಿನ ಓಟವಿರಲಿ, ನಮ್ಮ ಕಾಲುಗಳಿಗೆ ಗೊತ್ತಿರುವುದು ಈ ಸಮತಟ್ಟು ಒಂದೇ.

ಇಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿಯಲ್ಲಿರುವ ಆಸ್ಟಿನ್ ನಗರದ ಮಾತೇ ಬೇರೆ. ಅಲ್ಲಿ ಫೆಬ್ರವರಿಯಲ್ಲಿ ನಡೆಯುವ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಏರುಇಳಿತಗಳಿಗೆ ಹೆಸರುವಾಸಿ. ಮೈಲಿಗೆ ಇಂತಿಷ್ಟು ಎಂದು ಬಂಧುಮಿತ್ರರಿಂದ ದೇಣಿಗೆಯ ಮಾತು ಪಡೆದು ಅಲ್ಲಿ ಓಡುವವರು, ನಡೆಯುವವರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಜನವರಿಯ ಹ್ಯೂಸ್ಟನ್ ಓಟವನ್ನು ನಗುನಗುತ್ತ ಮುಗಿಸಿದವರಿಗೆ ‘ಅಲ್ಲಿಯೂ ಅದೇ 13.1 ಮೈಲಿ ತಾನೇ?’ ಎನ್ನಿಸುವುದು ಸಹಜ. ದೂರ ಒಂದೇ ನಿಜ, ಆದರೆ ದಾರಿ ಒಂದೇ ಅಲ್ಲ. ಬೆಟ್ಟವಿಲ್ಲದ ನಮ್ಮ ಊರಿನಲ್ಲೇ ಅದಕ್ಕೆ ಹೇಗೆ ಸಿದ್ಧರಾಗಬಹುದು ಎಂಬುದನ್ನು ಇಲ್ಲಿ ನೋಡೋಣ.

ಏರು ಏಕೆ ಕಷ್ಟ?

ಸಮತಟ್ಟಿನಲ್ಲಿ ಓಡುವಾಗ ನಾವು ದೇಹವನ್ನು ಮುಂದಕ್ಕೆ ಒಯ್ದರೆ ಸಾಕು. ಏರಿನಲ್ಲಿ ಪ್ರತಿ ಹೆಜ್ಜೆಗೂ ಇಡೀ ದೇಹವನ್ನು ಮೇಲಕ್ಕೂ ಎತ್ತಬೇಕು. ಈ ಕೆಲಸ ಬೀಳುವುದು ಮುಖ್ಯವಾಗಿ ಮೀನಖಂಡ, ತೊಡೆ ಮತ್ತು ಪೃಷ್ಠದ ಸ್ನಾಯುಗಳ ಮೇಲೆ. ಅವು ಹೆಚ್ಚು ಆಮ್ಲಜನಕ ಕೇಳುತ್ತವೆ, ಹೃದಯದ ಬಡಿತ ಏರುತ್ತದೆ, ಉಸಿರು ಹೆಚ್ಚುತ್ತದೆ. ಆಗಲೂ ಕೈಗಡಿಯಾರ ನೋಡಿಕೊಂಡು ಸಮತಟ್ಟಿನ ವೇಗವನ್ನೇ ಹಿಡಿದಿಡಲು ಹೋದರೆ, ಕೊನೆಯ ಮೈಲಿಗಳಿಗೆ ಇಟ್ಟುಕೊಳ್ಳಬೇಕಾದ ಶಕ್ತಿ ಮೊದಲ ಏರಿನಲ್ಲೇ ಖರ್ಚಾಗಿಬಿಡುತ್ತದೆ.

ಏರಿನ ಅಭ್ಯಾಸದ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಪ್ರಮುಖರು. ತಿಂಗಳುಗಟ್ಟಲೆ ದೂರದ ಓಟ, ನಂತರ ಕೆಲವು ವಾರ ಗುಡ್ಡದ ಅಭ್ಯಾಸ, ಆಮೇಲಷ್ಟೇ ವೇಗದ ಅಭ್ಯಾಸ ಎಂಬುದು ಅವರ ಕ್ರಮ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರ್ ಓಟದಲ್ಲೂ ಒಂದೇ ದಿನ ಚಿನ್ನ ಗೆದ್ದರು. ಆ ಓಟಗಳು ನಡೆದದ್ದು ಸಮತಟ್ಟಾದ ಮೈದಾನದಲ್ಲಿ! ಅಂದರೆ ಏರಿನಲ್ಲಿ ಗಳಿಸಿದ ಬಲ ಸಮತಟ್ಟಿನಲ್ಲೂ ಕೈಬಿಡುವುದಿಲ್ಲ.

ಇಳಿಯುವುದು ಸುಲಭವೇ?

ನಮ್ಮಲ್ಲಿ ಅನೇಕರು ಮರೆಯುವ ಅರ್ಧ ಇದು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ, ಕಾಲ್ನಡಿಗೆಯಲ್ಲೇ ಇಳಿದವರು ನೆನಪಿಸಿಕೊಳ್ಳಿ. ಹತ್ತುವಾಗ ಏದುಸಿರು ಬಂದದ್ದು ನಿಜ. ಆದರೆ ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಂಡು ಕುರ್ಚಿಯಿಂದ ಏಳಲಾರದಂತೆ ಮಾಡಿದ್ದು ಹೆಚ್ಚಾಗಿ ಇಳಿದ ಮೆಟ್ಟಿಲುಗಳು.

ಇದಕ್ಕೆ ಕಾರಣವಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನಂತೆ ಕೆಲಸ ಮಾಡುತ್ತದೆ. ಭಾರ ಹೊತ್ತುಕೊಂಡೇ ಅದು ಹಿಗ್ಗಬೇಕು. ಇಂಥ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ನೋವು ಒಂದೆರಡು ದಿನ ಕಳೆದ ಮೇಲೆ ಜೋರಾಗುತ್ತದೆ. ಸಂತೋಷದ ಸಂಗತಿಯೆಂದರೆ ಸ್ನಾಯು ಬೇಗ ಪಾಠ ಕಲಿಯುತ್ತದೆ. ಒಮ್ಮೆ ಮಿತವಾಗಿ ಇಳಿದು ಅಭ್ಯಾಸವಾದರೆ ಮುಂದಿನ ಕೆಲವು ವಾರಗಳವರೆಗೆ ಅದೇ ಕೆಲಸಕ್ಕೆ ಅಷ್ಟು ನೋವಾಗದು.

ಬೋಸ್ಟನ್ ಮ್ಯಾರಥಾನ್‌ನ ‘ಹಾರ್ಟ್‌ಬ್ರೇಕ್ ಹಿಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಎದೆಯೊಡೆಯುವ ಬೆಟ್ಟ ಎಂದು ಹೆಸರಾದರೂ ಅದರ ಏರು ಸುಮಾರು 88 ಅಡಿ ಮಾತ್ರ. ಎಂಟೊಂಬತ್ತು ಅಂತಸ್ತಿನ ಕಟ್ಟಡದಷ್ಟು. ಆದರೆ ಅದು ಎದುರಾಗುವುದು 20 ಮೈಲಿ ಓಡಿದ ಮೇಲೆ, ಮೊದಲ ಮೈಲಿಗಳ ಇಳಿಜಾರಿನಲ್ಲಿ ತೊಡೆಗಳು ಆಗಲೇ ಸೋತಿರುವಾಗ. 1936ರಲ್ಲಿ ಜಾನಿ ಕೆಲ್ಲಿ ಎಂಬ ಓಟಗಾರ ಈ ಏರುಗಳಲ್ಲಿ ಶಕ್ತಿಮೀರಿ ಓಡಿ, ಮುಂದಿದ್ದ ಟಾರ್ಜನ್ ಬ್ರೌನ್‌ನನ್ನು ಹಿಡಿದು ಭುಜ ತಟ್ಟಿದ. ಬ್ರೌನ್ ಹುರುಪುಗೊಂಡು ಮುಂದೆ ಹೋಗಿ ಗೆದ್ದ, ಕೆಲ್ಲಿ ಐದನೆಯವನಾದ. ಬೆಟ್ಟಕ್ಕೆ ಹೆಸರು ಬಂದದ್ದು ಹಾಗೆ. ಏರಿನಲ್ಲಿ ಗೆದ್ದವನು ಓಟದಲ್ಲಿ ಗೆಲ್ಲಬೇಕೆಂದಿಲ್ಲ.

ನಮ್ಮೂರಿನ ‘ಬೆಟ್ಟಗಳು’

ಸ್ನಾಯುಗಳಿಗೆ ಬೇಕಾದದ್ದು ಬೆಟ್ಟವಲ್ಲ, ಏರು ಮತ್ತು ಇಳಿತ. ಅವು ನಮ್ಮ ಸುತ್ತಲೇ ಇವೆ.

ಮೆಟ್ಟಿಲು: ಆಫೀಸಿನ, ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಮಾನ್ಯವಾಗಿ 7 ಅಂಗುಲ ಎತ್ತರ. ನೂರು ಮೆಟ್ಟಿಲು ಹತ್ತಿದರೆ ಸುಮಾರು 58 ಅಡಿ ಏರಿದಂತೆ. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಸಾಕು. ಮಳೆ, ಬಿಸಿಲುಗಳ ಕಾಟವೂ ಇಲ್ಲ. ಇಳಿಯುವಾಗ ಕಟಕಟೆಯ ಮೇಲೆ ಕೈಯಿರಲಿ.

ಟ್ರೆಡ್‌ಮಿಲ್: ಶೇಕಡಾ 5ರ ಏರಿನಲ್ಲಿ ಅರ್ಧ ಮೈಲಿ ಹೋದರೆ 132 ಅಡಿ ಹತ್ತಿದಂತಾಯಿತು, ಹಾರ್ಟ್‌ಬ್ರೇಕ್ ಹಿಲ್‌ಗಿಂತ ಹೆಚ್ಚು! ಮುಂದಿನ ಹಿಡಿಕೆಯನ್ನು ಹಿಡಿದು ಜೋತುಬಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಭಾರ ಕೈಗೆ ಹೋಗುತ್ತದೆ. ಹೆಚ್ಚಿನ ಯಂತ್ರಗಳು ಏರನ್ನಷ್ಟೇ ಕೊಡುತ್ತವೆ, ಇಳಿತವನ್ನು ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಪಾರ್ಕಿಂಗ್ ಗ್ಯಾರೇಜ್: ಹ್ಯೂಸ್ಟನ್ನಿನ ಓಟಗಾರರ ಮೆಚ್ಚಿನ ‘ಬೆಟ್ಟ’ ಇದು. ಏರು, ಇಳಿತ ಎರಡೂ ಸಿಗುತ್ತವೆ. ಮಾಲೀಕರ ಅಥವಾ ಕಾವಲುಗಾರರ ಒಪ್ಪಿಗೆ ಪಡೆದು, ಕಾರುಗಳಿಲ್ಲದ ಭಾನುವಾರ ಬೆಳಿಗ್ಗೆ ಹೋಗುವುದು ಕ್ಷೇಮ. ಹೊಳೆಯುವ ಬಣ್ಣದ ಬಟ್ಟೆಯಿರಲಿ, ಕಿವಿಗೆ ಹಾಡು ಬೇಡ.

ಉದ್ಯಾನಗಳು: ಮೆಮೋರಿಯಲ್ ಪಾರ್ಕಿನಲ್ಲಿ 2023ರಲ್ಲಿ ತೆರೆದ ಲ್ಯಾಂಡ್ ಬ್ರಿಡ್ಜ್ ರಸ್ತೆಯ ಮೇಲೆ ಮಣ್ಣು ಹೊದಿಸಿ ಕಟ್ಟಿದ ಗುಡ್ಡದಂತಿದೆ. ಬಫೆಲೋ ಬಯೂ ದಂಡೆಯ ಇಳಿಜಾರುಗಳೂ ಅನುಕೂಲ. ಮಳೆ ಬಂದ ಮರುದಿನ ಮಾತ್ರ ಜಾರಿಕೆ. ಹರ್ಮನ್ ಪಾರ್ಕಿನ ಮಿಲ್ಲರ್ ಬಯಲು ರಂಗಮಂದಿರದ ಹುಲ್ಲುದಿಬ್ಬಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ನೀವು ಹತ್ತು ಬಾರಿ ಹತ್ತಿ ಇಳಿಯುವಷ್ಟರಲ್ಲಿ ಅವರು ಇಪ್ಪತ್ತು ಬಾರಿ ಉರುಳಿರುತ್ತಾರೆ.

ಎಂಟು ವಾರಗಳ ಕ್ರಮ

ಈಗಾಗಲೇ ವಾರಕ್ಕೆ ಮೂರು ದಿನ ಓಡುವವರು ಡಿಸೆಂಬರ್ ಮಧ್ಯದಲ್ಲಿ ಆರಂಭಿಸಿದರೆ ಸರಿಹೋಗುತ್ತದೆ. ಈ ಅಭ್ಯಾಸ ವಾರಕ್ಕೆ ಒಂದು ದಿನ ಸಾಕು. ಮೊದಲು ಮತ್ತು ಕೊನೆಗೆ ಹತ್ತು ನಿಮಿಷ ನಿಧಾನದ ಓಟ ಇರಲೇಬೇಕು.

1-2ನೇ ವಾರ: ಮೆಟ್ಟಿಲು ಅಥವಾ ಗ್ಯಾರೇಜಿನಲ್ಲಿ ಬಿರುಸಾಗಿ ನಡೆದು ಹತ್ತಿ ಇಳಿಯುವುದು, 15 ನಿಮಿಷ.
3-4ನೇ ವಾರ: ಒಂದು ನಿಮಿಷ ಏರು ಓಟ, ನಿಧಾನವಾಗಿ ನಡೆದು ಇಳಿಯುವುದು, 5 ಬಾರಿ.
5-6ನೇ ವಾರ: ಎರಡು ನಿಮಿಷ ಏರು ಓಟ, ಹಗುರವಾಗಿ ಓಡಿ ಇಳಿಯುವುದು, 5ರಿಂದ 6 ಬಾರಿ. ಇಳಿತದ ಕೊನೆಯ ಕಠಿಣ ಅಭ್ಯಾಸ ಇದೇ.
7ನೇ ವಾರ: ಇದರ ಅರ್ಧದಷ್ಟು.
8ನೇ ವಾರ: ಏರುಇಳಿತಗಳಿಗೆ ರಜೆ. ಕಾಲುಗಳಿಗೆ ವಿಶ್ರಾಂತಿ.

ಏರುವ ರೀತಿ, ಇಳಿಯುವ ರೀತಿ

ಏರುವಾಗ ಹೆಜ್ಜೆ ಚಿಕ್ಕದಿರಲಿ. ಸೊಂಟ ಬಗ್ಗಿಸದೆ ಇಡೀ ದೇಹ ಸ್ವಲ್ಪ ಮುಂದಕ್ಕೆ ಬಾಗಿರಲಿ. ಕೈ ಬೀಸಿದರೆ ಕಾಲಿಗೆ ಸಹಾಯ. ವೇಗವನ್ನಲ್ಲ, ಉಸಿರನ್ನು ಅಳತೆಗೋಲು ಮಾಡಿಕೊಳ್ಳಿ: ಪಕ್ಕದವರೊಡನೆ ಒಂದು ಪುಟ್ಟ ವಾಕ್ಯ ಆಡಲಾಗದಿದ್ದರೆ ನಡೆಯಿರಿ. ಕಡಿದಾದ ಏರಿನಲ್ಲಿ ನಡೆಯುವುದು ಸೋಲಲ್ಲ, ಉಳಿತಾಯ. ಇಳಿಯುವಾಗ ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ. ಮಂಡಿ ಸ್ವಲ್ಪ ಮಡಿಸಿ, ಪುಟ್ಟ ಪುಟ್ಟ ಚುರುಕು ಹೆಜ್ಜೆ ಇಡಿ. ಆಸ್ಟಿನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಆರಂಭದಲ್ಲೇ ಸೌತ್ ಕಾಂಗ್ರೆಸ್ ಅವೆನ್ಯೂವಿನ ಉದ್ದನೆಯ ಏರು ಇರುತ್ತದೆ. ಜನರ ಗದ್ದಲ, ಬೆಳಗಿನ ಹುರುಪು ಎರಡೂ ಸೇರಿ ಅಲ್ಲಿ ಎಲ್ಲರನ್ನೂ ಓಡಿಸುತ್ತವೆ. ಕೆಲ್ಲಿಯ ಕಥೆ ನೆನಪಾಗಬೇಕಾದದ್ದು ಅಲ್ಲೇ.

ಒಂದು ಎಚ್ಚರಿಕೆಯ ಮಾತು

ಅಮೆರಿಕದಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾದವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2018ರಲ್ಲಿ ವಿವರವಾದ ಹೇಳಿಕೆಯನ್ನೇ ಹೊರಡಿಸಿತು. ತೆಳ್ಳಗಿದ್ದೇವೆ, ಸಸ್ಯಾಹಾರಿಗಳು ಎಂಬ ಧೈರ್ಯ ಸಾಲದು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಲಿ. ಏರಿನ ಅಭ್ಯಾಸ ಹೃದಯಕ್ಕೆ ಒಳ್ಳೆಯ ವ್ಯಾಯಾಮ, ಆದರೆ ಏಕಾಏಕಿ ಕೊಡುವ ಪರೀಕ್ಷೆಯಾಗಬಾರದು. ಎದೆಯಲ್ಲಿ ಬಿಗಿತ, ತಲೆಸುತ್ತು, ಎಡಗೈಗೋ ದವಡೆಗೋ ಹರಡುವ ನೋವು ಕಂಡರೆ ಅಲ್ಲೇ ನಿಲ್ಲಿಸಿ, ತಡಮಾಡದೆ 911ಕ್ಕೆ ಕರೆ ಮಾಡಿ. ದೇಣಿಗೆ ಕೊಡುವವರು ಬಯಸುವುದು ನಿಮ್ಮ ಕೊನೆಯ ಮೈಲಿಯನ್ನಲ್ಲ, ನಿಮ್ಮ ಕ್ಷೇಮವನ್ನು.

ಹನಿಹನಿಗೂಡಿದರೆ ಹಳ್ಳ, ಹಾಗೆಯೇ ಮೆಟ್ಟಿಲು ಮೆಟ್ಟಿಲು ಸೇರಿದರೆ ಬೆಟ್ಟ. ಓಡುವವರು ಓಡಲಿ, ನಡೆಯುವವರು ನಡೆಯಲಿ, ಅಜ್ಜ ಅಜ್ಜಿಯರು ನೀರಿನ ಬಾಟಲಿ ಹಿಡಿದು ಹುರಿದುಂಬಿಸಲಿ. ಮುಂದಿನ ಸಲ ಆಫೀಸಿನ ಲಿಫ್ಟಿನ ಎದುರು ನಿಂತಾಗ ಪಕ್ಕದ ಮೆಟ್ಟಿಲಿನ ಬಾಗಿಲನ್ನೊಮ್ಮೆ ತಳ್ಳಿ ನೋಡಿ. ನಿಮ್ಮ ಮೊದಲ ಬೆಟ್ಟ ಅದರ ಹಿಂದೆಯೇ ಇದೆ.